ಬ್ಲಿಯಾ ಬರೆದ ದಾರಿ

ಸರ್ಕಾರದ ಕಾಗದದ ಪ್ರಕಾರ ಬ್ಲಿಯಾ ಮುವಾ ಹುಟ್ಟಿದ್ದು ಜನವರಿ ಒಂದನೇ ತಾರೀಖು. ಅವಳ ಅಣ್ಣ ಫೆಂಗ್ ಹುಟ್ಟಿದ್ದೂ ಜನವರಿ ಒಂದಕ್ಕೆ, ಅಪ್ಪ ಹುಟ್ಟಿದ್ದೂ ಅಂದೇ. ಯುದ್ಧ ಸೋತು ಲಾವೋಸ್ ಬೆಟ್ಟಗಳಿಂದ ಓಡಿಬಂದು ಅಮೆರಿಕದ ಫ್ರೆಸ್ನೋ ಊರು ಸೇರಿದ ಹಳೆಯ ಮೋಂಗ್ ಜನರಲ್ಲಿ ಅರ್ಧಕ್ಕರ್ಧ ಮಂದಿ ಆ ಒಂದೇ ದಿನ ಭೂಮಿಗೆ ಬಿದ್ದವರು. ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಫಾರಂ ತುಂಬುತ್ತಿದ್ದ ಗುಮಾಸ್ತನಿಗೆ ಬೇರೆ ತಾರೀಖು ಹೊಳೆಯಲಿಲ್ಲ. ಇವರಿಗೋ ಬತ್ತ ಕೊಯ್ಯುವ ಹೊತ್ತು, ಮೆಕ್ಕೆಜೋಳ ಬಿತ್ತುವ ಹೊತ್ತು ಎಂಬುದಷ್ಟೇ ಗೊತ್ತಿತ್ತು. "ನಮ್ಮ ಬೀದಿಗೆಲ್ಲ ಒಂದೇ ಕೇಕು ಸಾಕು ಕಣ್ರೇ" ಎಂದು ಬ್ಲಿಯಾ ಜೊತೆಯವರನ್ನು ನಗಿಸುತ್ತಿದ್ದಳು. ಅವಳು ಸರ್ಕಾರಿ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ಆರುನೂರು ಮಕ್ಕಳಿಗೆ ಬಡಿಸುವವಳು. ನಗಿಸಿದವಳು ತಾನು ಮಾತ್ರ ಒಮ್ಮೊಮ್ಮೆ ಸೌಟು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು. ಯಾವ ದಿನ ಹುಟ್ಟಿದೆನೋ ಗೊತ್ತಿಲ್ಲದಿದ್ದರೆ ಹಾಳಾಗಲಿ, ಯಾವ ಜಾಗದಲ್ಲಿ ಹುಟ್ಟಿದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಹದಿನೈದಕ್ಕೆ ಮದುವೆಯಾಯಿತು. ಒಂಬತ್ತನೇ ಕ್ಲಾಸಿನ ನಡುವೆಯೇ ಪುಸ್ತಕ ಮುಚ್ಚಿಟ್ಟು ಮರ್ಸೆಡ್ ಊರಿನ ಲೋರ್ ಕುಲದ ಮನೆಗೆ ಹೋದಳು. ಮಕ್ಕಳಾಗಲಿಲ್ಲ. ಇಪ್ಪತ್ತು ವರ್ಷ ಕಾದ ಗಂಡ ಇನ್ನೊಬ್ಬಳನ್ನು ಕರೆತಂದ. ಬ್ಲಿಯಾ ಜಗಳವಾಡಲಿಲ್ಲ, ಅಳಲೂ ಇಲ್ಲ. ಎರಡು ಚೀಲಕ್ಕೆ ಬಟ್ಟೆ ತುಂಬಿಕೊಂಡು ಫ್ರೆಸ್ನೋ ಬಸ್ಸು ಹತ್ತಿದಳು. ಬಾಗಿಲಲ್ಲಿ ನಿಂತ ಮಗಳನ್ನು ನೋಡಿ ಅಪ್ಪ ಚೆರ್ ಪಾವ್ "ಬಂದ್ಯಾ? ಊಟ ಮಾಡು" ಎಂದ. ಇರು ಎನ್ನಲಿಲ್ಲ. ಅವಳು ಉಂಡು, ತಟ್ಟೆ ತೊಳೆದಿಟ್ಟು, ವಾರದೊಳಗೆ ಐದು ಬೀದಿ ಆಚೆ ಶೀಲ್ಡ್ಸ್ ರಸ್ತೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಅದಾಗಿ ಹತ್ತು ವರ್ಷವಾಗಿತ್ತು.

ಗಂಡನನ್ನು ಬಿಟ್ಟುಬಂದ ಹೆಂಗಸಿಗೆ ಬದುಕಿರುವಾಗ ಅಂಥ ತೊಂದರೆಯೇನಿಲ್ಲ. ಬಾಡಿಗೆ ಕೊಟ್ಟರೆ ಮನೆ ಸಿಗುತ್ತದೆ. ಸತ್ತಮೇಲೆ ಮನೆ ಸಿಗುವುದಿಲ್ಲ, ಅದೇ ತೊಂದರೆ. ಮೋಂಗ್ ಜನರಲ್ಲಿ ಯಾರೇ ಹೋದರೂ ದಾರಿ ಹೇಳುವವನು ಬಂದು ಹೆಣದ ಪಕ್ಕ ಕೂರಬೇಕು. ಸತ್ತವರನ್ನು ಅವರ ಮನೆಯ ಬಾಗಿಲಿಂದ ಎಬ್ಬಿಸಿ, ಅವರು ಬದುಕಿದ ಊರುಗಳನ್ನೆಲ್ಲ ಹಿಂದುಹಿಂದಕ್ಕೆ ಒಂದೊಂದಾಗಿ ಹೆಸರಿಟ್ಟು ಹಾಡಬೇಕು. ಈ ಊರಿನ ನೀರು ಕುಡಿದೆ, ಈ ಊರಿನ ಸೌದೆ ಉರಿಸಿದೆ, ಕೈಮುಗಿದು ಹೊರಡು. ಹೀಗೆ ನಡೆಸುತ್ತ ನಡೆಸುತ್ತ ಹುಟ್ಟಿದ ಜಾಗಕ್ಕೆ ಮುಟ್ಟಿಸಬೇಕು. ಹುಟ್ಟಿದಾಗ ಕೂಸಿನ ಹಿಂದೆಯೇ ಬಿದ್ದು, ಅಲ್ಲೇ ಹೂತಿಟ್ಟ ಮಾಸನ್ನು ಜೀವ ಅಲ್ಲಿ ಅಂಗಿಯಂತೆ ತೊಟ್ಟುಕೊಂಡು ಅಜ್ಜ ಮುತ್ತಜ್ಜಂದಿರ ಕಡೆಗೆ ಹೋಗುತ್ತದೆ. ಮದುವೆಯಾದವಳ ಬಾಗಿಲು ಗಂಡನ ಕುಲದ್ದು. ಬಿಟ್ಟುಬಂದವಳಿಗೆ ಆ ಬಾಗಿಲೂ ಇಲ್ಲ, ಈ ಬಾಗಿಲೂ ಇಲ್ಲ.

ಇದನ್ನು ಬ್ಲಿಯಾ ಬರೀ ಕೇಳಿ ತಿಳಿದವಳಲ್ಲ. ಅವಳಂತೆಯೇ ಬಿಟ್ಟುಬಂದಿದ್ದ ನೂ ಎಂಬ ಗೆಳತಿ ಸತ್ತಾಗ, ಎರಡು ಕುಲದ ಗಂಡಸರು ಕೂತು ನಿಮ್ಮ ಹೆಣ, ನಿಮ್ಮ ಹೆಣ ಎಂದು ಹತ್ತೊಂಬತ್ತು ದಿನ ವಾದ ಮಾಡಿದರು. ಹತ್ತೊಂಬತ್ತು ದಿನವೂ ನೂ ತಣ್ಣನೆಯ ಪೆಟ್ಟಿಗೆಯಲ್ಲಿ ಬಿದ್ದಿದ್ದಳು. ವಾದ ಮಾಡುವವರಿಗೆ ಅನ್ನ ಬೇಯಿಸಿ ಹೊತ್ತುಕೊಂಡು ಹೋದವಳು ಇದೇ ಬ್ಲಿಯಾ. ಆ ಗಂಡಸರು ಎರಡೆರಡು ಸಲ ಬಡಿಸಿಕೊಂಡು ತಿಂದದ್ದನ್ನು ಅವಳು ಮರೆಯಲಿಲ್ಲ. ತನಗೊಂದು ಬಾಗಿಲು ಬೇಕು ಎಂಬ ಆಸೆ ಅಂದು ಅವಳ ಎದೆಗೆ ಹೊಕ್ಕಿತು. ಅಪ್ಪನ ಮನೆಯ ಬಾಗಿಲೇ ಬೇಕು. ಆದರೆ ಆ ಮಾತನ್ನು ಅಪ್ಪನ ಮುಂದೆ ಎತ್ತುವುದು ಹೇಗೆ?

ಚೆರ್ ಪಾವ್ ಸಾಮಾನ್ಯ ಮುದುಕನಲ್ಲ. ಫ್ರೆಸ್ನೋದಲ್ಲಿ ಮೂವತ್ತು ವರ್ಷ ದಾರಿ ಹೇಳಿದವನು. ಇನ್ನೂರಕ್ಕೂ ಹೆಚ್ಚು ಜನರನ್ನು ಈ ಒಣ ಬಯಲಿಂದ ಎಬ್ಬಿಸಿ, ಸಮುದ್ರ ದಾಟಿಸಿ, ಲಾವೋಸ್ ಬೆಟ್ಟಗಳಲ್ಲಿ ಅವರವರ ಹಳ್ಳಿಗೆ ಮುಟ್ಟಿಸಿದ್ದಾನೆ. ಎಂಬತ್ತೆರಡಾದ ಮೇಲೆ ಉಸಿರು ಸಾಲದೆ ಬಿಟ್ಟ. ಈಗ ಫೆಂಗ್‌ನ ಜೊತೆ ತಾನಿದ್ದ ಮನೆಯ ಹಿತ್ತಲಲ್ಲಿ ನಿಂಬೆಹುಲ್ಲು, ಅಲಸಂದೆ, ಮೆಣಸಿನಗಿಡ ಬೆಳೆಸಿಕೊಂಡು, ಅವುಗಳನ್ನೇ ಬೈದುಕೊಂಡು ಕಾಲ ಹಾಕುತ್ತಿದ್ದ.

ಬ್ಲಿಯಾ ಕಾಲೇಜಿಗೆ ಸೇರಿದ್ದು ಇಂಗ್ಲಿಷ್ ಕಲಿಯಲೆಂದು. ಊರಿನ ಕಮ್ಯೂನಿಟಿ ಕಾಲೇಜು ವಯಸ್ಸು ಕೇಳುವುದಿಲ್ಲ, ದುಡಿದು ಬಂದವರೂ ಕೂರಬಹುದು. ಎರಡನೆಯ ವರ್ಷ ವಿಷಯ ಆರಿಸುವಾಗ ಪಟ್ಟಿಯಲ್ಲಿ 'ಜನಾಂಗ ಅಧ್ಯಯನ ಮತ್ತು ಸಾಮಾಜಿಕ ನ್ಯಾಯ' ಎಂದಿತ್ತು. ಕೌಂಟರಿನ ಹುಡುಗಿಯನ್ನು ಕೇಳಿದಳು.

"ಇದ್ರಲ್ಲಿ ಏನು ಹೇಳ್ಕೊಡ್ತಾರಮ್ಮ?"

"ನಿಮ್ಮಂಥೋರ ಬಗ್ಗೆ ಆಂಟಿ. ನಮ್ಮಂಥೋರ ಬಗ್ಗೆ. ಎಲ್ಲಿಂದ ಬಂದ್ರು, ಯಾಕೆ ಬಂದ್ರು, ಬಂದ್ಮೇಲೆ ಏನಾಯ್ತು ಅಂತ."

"ನಮ್ಮಂಥೋರ ಬಗ್ಗೆ ಪುಸ್ತಕ ಬೇರೆ ಇದೆಯಾ?"

"ಇದೆ ಆಂಟಿ. ದಪ್ಪ ದಪ್ಪದ್ದೇ ಇದೆ."

ಬ್ಲಿಯಾ ಅಲ್ಲೇ ಸಹಿ ಹಾಕಿದಳು. ಮಂಗಳವಾರ, ಗುರುವಾರ ಮಧ್ಯಾಹ್ನ ಮೂರಕ್ಕೆ ಕ್ಲಾಸು. ಅಡುಗೆಮನೆಯಲ್ಲಿ ಕೂದಲಿಗೆ ಕಟ್ಟುವ ಬಲೆ ಬಿಚ್ಚಿ ಚೀಲಕ್ಕೆ ತುರುಕಿ, ಮೈಯಿಂದ ಟೊಮೇಟೊ ಸಾರಿನ ವಾಸನೆ ಹೋಗುವ ಮೊದಲೇ ಓಡಿಬಂದು ಮುಂದಿನ ಸಾಲಲ್ಲಿ ಕೂರುತ್ತಿದ್ದಳು. ಪಾಠ ಹೇಳುವ ಇಬಾರಾ ಮೇಡಂ ಮೆಕ್ಸಿಕೋದಿಂದ ಬಂದ ದ್ರಾಕ್ಷಿ ತೋಟದ ಕೂಲಿಗಳ ಮರಿಮಗಳು. ಜೋರು ದನಿ, ಅದಕ್ಕಿಂತ ಜೋರು ನಗು. ಭೂಮಿ ಕಳೆದುಕೊಂಡವರು, ಹೆಸರು ಕಳೆದುಕೊಂಡವರು, ಕೂಲಿಗಾಗಿ ನಿಂತು ಹೋರಾಡಿದವರು ಎಂದು ಅವಳು ಹೇಳುತ್ತ ಹೋದರೆ ಬ್ಲಿಯಾಳಿಗೆ ಮೂವತ್ತು ವರ್ಷ ಹಿಂದೆ ಮುಚ್ಚಿಟ್ಟ ಪುಸ್ತಕ ಮತ್ತೆ ತೆರೆದಂತಾಗುತ್ತಿತ್ತು. ಒಂದು ದಿನ ಪುಸ್ತಕದ ನಡುಪುಟದಲ್ಲಿ ಶಿಬಿರದ ಚಿತ್ರ ಕಂಡಿತು. ನೀರಿಗೆ ಸಾಲು ನಿಂತ ಹೆಂಗಸರು. ಬ್ಲಿಯಾ ಒಬ್ಬೊಬ್ಬಳ ಮುಖವನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. ಅವ್ವ ಇದ್ದಾಳೇನೋ ಎಂದು. ಅವ್ವ ಸತ್ತು ಹನ್ನೊಂದು ವರ್ಷವಾಗಿತ್ತು, ಚಿತ್ರದಲ್ಲಿ ಅವಳಿರಲಿಲ್ಲ.

ಅಕ್ಟೋಬರಿನಲ್ಲಿ ಮೇಡಂ ಕೆಲಸ ಕೊಟ್ಟಳು. "ನಿಮ್ಮ ಮನೆಯ ಹಿರಿಯರೊಬ್ಬರನ್ನ ಕೂರಿಸ್ಕೊಂಡು ಕೇಳಿ. ಹುಟ್ಟಿದ ಜಾಗದಿಂದ ಇಲ್ಲಿವರೆಗೆ ಎಲ್ಲೆಲ್ಲಿ ಇದ್ರು, ಒಂದೂ ಬಿಡದ ಹಾಗೆ ಸಾಲಾಗಿ ಬರ್ಕೊಳ್ಳಿ. ಅದನ್ನ ನಕ್ಷೆ ಮಾಡಿ ಗೋಡೆಗೆ ಹಾಕೋಣ. ಫೋನಲ್ಲಿ ಹುಡುಕಿ ಬರೆದ್ರೆ ಮಾತ್ರ ನಂಗೆ ಗೊತ್ತಾಗುತ್ತೆ ನೋಡಿ."

ಹುಡುಗರೆಲ್ಲ ಇಷ್ಟೇನಾ ಎಂದು ಚೀಲ ಹೆಗಲಿಗೇರಿಸಿದರು. ಬ್ಲಿಯಾ ಮಾತ್ರ ಕೂತಲ್ಲಿಂದ ಏಳಲಿಲ್ಲ. ಮೋಂಗ್ ಮುದುಕನೊಬ್ಬನ ಮುಂದೆ ಕೂತು ಎಲ್ಲೆಲ್ಲಿ ಇದ್ದೆ, ಸಾಲಾಗಿ ಹೇಳು ಎಂದು ಕೇಳುವ ಸಂದರ್ಭ ಲೋಕದಲ್ಲಿ ಒಂದೇ ಒಂದು. ಅದನ್ನೂ ಮುದುಕನನ್ನು ಕೇಳುವುದಿಲ್ಲ, ಅವನು ಹೋದ ಮೇಲೆ ಅವನ ಮಕ್ಕಳನ್ನು ಕೇಳುತ್ತಾರೆ.

ಆದರೂ ಕೇಳಲು ಹೋದಳು. ಕಾಲೇಜಿನ ನೆಪ ಸಿಕ್ಕಿದೆ, ಈ ನೆಪದಲ್ಲೇ ತಾನು ಹುಟ್ಟಿದ ಜಾಗವೂ ಗೊತ್ತಾಗುತ್ತದೆ, ಮಾತು ಬೆಳೆದರೆ ಬಾಗಿಲ ವಿಷಯವನ್ನೂ ಎತ್ತಬಹುದು ಎಂಬ ದುರಾಸೆ. ಭಾನುವಾರ ನಾಟಿಕೋಳಿಯನ್ನು ನಿಂಬೆಹುಲ್ಲು ಹಾಕಿ ಬೇಯಿಸಿ, ಅಂಟನ್ನ ಮಾಡಿ, ಮೆಣಸು ಕುಟ್ಟಿದ ಚಟ್ನಿಯ ಜೊತೆ ಕೊಂಡುಹೋದಳು. ಚೆರ್ ಪಾವ್ ಎರಡು ತುತ್ತು ತಿಂದು ತಲೆಯಾಡಿಸಿದ. ಅಡುಗೆ ಚೆನ್ನಾಗಿದೆ ಎನ್ನಲು ಅವನಿಗೆ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಬ್ಲಿಯಾ ನೋಟ್‌ಬುಕ್ಕು ತೆಗೆದಳು, ಪೆನ್ನಿನ ಮುಚ್ಚಳ ತೆಗೆದಳು.

"ಅಪ್ಪ, ನೀನು ಹುಟ್ಟಿದಾಗಿಂದ ಯಾವ್ಯಾವ ಊರಲ್ಲಿದ್ದೆ ಅಂತ ಒಂದೊಂದಾಗಿ ಹೇಳ್ತೀಯಾ? ಬರ್ಕೋತೀನಿ."

ಮುದುಕನ ದವಡೆ ನಿಂತಿತು.

"ಯಾರು ಕಳ್ಸಿದ್ರು ನಿನ್ನ?"

"ಕಾಲೇಜಲ್ಲಿ ಹೇಳಿದ್ರಪ್ಪ."

"ಕಾಲೇಜಿನೋರಿಗೆ ನನ್ನ ಹೆಣದ ಮೇಲೆ ಯಾಕೆ ಕಣ್ಣು?"

"ಅಯ್ಯೋ, ಹಾಗಲ್ಲಪ್ಪ. ಎಲ್ರೂ ಬರೀಬೇಕು. ಮೆಕ್ಸಿಕೋದೋರು, ಪಂಜಾಬಿಗಳು..."

"ಅವರಪ್ಪಂದಿರೂ ಸಾಯ್ತಾ ಇದಾರಾ?"

"ಅಪ್ಪ!"

"ಕೋಳಿ ಬೇಯಿಸ್ಕೊಂಡು ಬಂದಾಗ್ಲೇ ಅಂದ್ಕೊಂಡೆ. ನಾನಿನ್ನೂ ಕೂತು ತಿಂತಾ ಇದೀನಿ, ನೀನು ಪೆನ್ನು ಹಿಡ್ಕೊಂಡು ಎದುರಿಗೆ ಕೂತಿದೀಯ. ಅಷ್ಟು ಅವಸರ ಇದ್ರೆ ಡೋಲು ಬಾರಿಸೋನನ್ನೂ ಕರ್ಕೊಂಡು ಬರ್ಬೇಕಿತ್ತು."

ತಟ್ಟೆ ಸರಿಸಿ ಎದ್ದು ಹಿತ್ತಲಿಗೆ ಹೋದವನು ಅವಳು ಹೊರಡುವವರೆಗೂ ಒಳಗೆ ಬರಲಿಲ್ಲ. ಕೋಳಿ ಹಾಗೆಯೇ ಉಳಿಯಿತು.

ಮರುದಿನ ಫೆಂಗ್ ಫೋನು ಮಾಡಿದ. "ಏನ್ ಮಾಡ್ದೆ ಮಾರಾಯ್ತಿ? ಬ್ಲಿಯಾ ಬಂದು ಪೆಟ್ಟಿಗೆಗೆ ಅಳತೆ ತಗೊಂಡು ಹೋದ್ಲು ಅಂತಾನೆ. ನಿನ್ನೆಯಿಂದ ಅನ್ನ ಮುಟ್ಟಿಲ್ಲ."

"ಕಾಲೇಜಿಗೆ ಕಣೋ ಅಣ್ಣ..."

"ಯಾವ ಕಾಲೇಜಾದ್ರೂ ಆಗ್ಲಿ. ಅದೆಲ್ಲ ನೂರಿಪ್ಪತ್ತು ವರ್ಷ ಆದ್ಮೇಲೆ ಮಾತಾಡೋದು, ಅದೂ ಗಂಡಸರು ಕೂತು. ನಲವತ್ತೈದಾಯ್ತು ನಿಂಗೆ, ಇಷ್ಟೂ ಗೊತ್ತಾಗಲ್ವಾ?"

ನೂರಿಪ್ಪತ್ತು ವರ್ಷ ಆದ ಮೇಲೆ ಎಂದರೆ ಅಪ್ಪ ಸತ್ತ ಮೇಲೆ ಎಂದರ್ಥ. ಸಾವು ಎಂಬ ಪದವನ್ನು ಬದುಕಿರುವ ಹಿರಿಯರ ಹೆಸರಿನ ಪಕ್ಕ ಇಡಬಾರದು. ಬ್ಲಿಯಾಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕೇಳಿದೆನಲ್ಲ ಎಂದು ಅವಳು ಕೋಣೆಯಲ್ಲಿ ಕೂತು ತನ್ನನ್ನೇ ಬೈದುಕೊಂಡಳು. ಮೂವತ್ತು ವರ್ಷ ಪರರ ಮನೆಯ ಸಾವಿಗೆ ಹಾಡಿದವನು ತನ್ನ ಪಟ್ಟಿಯ ಮಾತಿಗೆ ಇಷ್ಟು ಹೆದರಿದ್ದು ಯಾಕೆ ಎಂಬುದು ಮಾತ್ರ ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ.

ಗುರುವಾರ ಕ್ಲಾಸು ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, ತನ್ನಿಂದ ಆಗುವುದಿಲ್ಲ, ಬೇರೆ ಕೆಲಸ ಕೊಡಿ ಎಂದಳು. ಕಾರಣ ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದಳು. ಇಬಾರಾ ಮೇಡಂ ತನ್ನ ಜೋರು ನಗು ನಗಲಿಲ್ಲ.

"ಹಾಗಾದ್ರೆ ಅಪ್ಪನ್ನ ಬಿಡಿ. ನಿಮ್ಮದೇ ಬರೀರಿ. ನೀವು ಎಲ್ಲೆಲ್ಲಿ ಇದ್ರಿ?"

"ನಂದು ಪೂರ್ತಿ ಇಲ್ಲ ಮೇಡಂ. ಹುಟ್ಟಿದ ಜಾಗ ಗೊತ್ತಿಲ್ಲ. ಮೆಕಾಂಗ್ ನದಿ ದಾಟಿ ಥಾಯ್ಲೆಂಡ್ ಸೇರೋಕೆ ಮುಂಚೆ, ಕಾಡಲ್ಲೆಲ್ಲೋ ಅಂತಾರೆ. ಹೆಸರು ಯಾರೂ ಹೇಳಲಿಲ್ಲ."

"ನಮ್ಮಜ್ಜಿ ಹುಟ್ಟಿದ್ದು ದ್ರಾಕ್ಷಿ ತೋಟದ ಕೂಲಿ ಶೆಡ್ಡಲ್ಲಿ. ಆ ಶೆಡ್ಡಿಗೆ ಯಾವ ನಕ್ಷೇಲಿ ಹೆಸರಿದೆ? ನಕ್ಷೆ ಮಾಡಿದೋರಿಗೆ ನಮ್ಮ ಜಾಗ ಬೇಕಾಗಿರಲಿಲ್ಲ, ಅದಕ್ಕೆ ಹೆಸರಿಡಲಿಲ್ಲ. ನಾನು 'ಮೂರನೇ ನೀರಿನ ತೊಟ್ಟಿಯ ಪಕ್ಕ, ಎರಡು ನೀಲಗಿರಿ ಮರದ ನಡುವೆ' ಅಂತ ಬರೆದಿದ್ದೀನಿ. ಹೆಸರಿಲ್ಲದಿದ್ರೆ ಕಂಡಿದ್ದನ್ನ ಬರೀರಿ."

ಬ್ಲಿಯಾ ಆ ವಾರವೆಲ್ಲ ಬರೆದಳು, ಹೊಡೆದಳು, ಬರೆದಳು. ದಾರಿ ಹೇಳುವವರ ಕ್ರಮದಲ್ಲೇ ಹಿಂದುಹಿಂದಕ್ಕೆ. ಅವಳಿಗೆ ಗೊತ್ತಿದ್ದದ್ದೆಲ್ಲ ನದಿಗೆ ಬಂದು ನಿಲ್ಲುತ್ತಿತ್ತು. ಫೆಂಗ್ ಆಗ ಬೆನ್ನ ಮೇಲಿನ ಕೂಸು. ಕಾಡನ್ನು ಕಂಡವರು ಅಪ್ಪ ಮತ್ತು ಅವ್ವ, ಅವ್ವ ಇಲ್ಲ. ಉಳಿದವನೊಬ್ಬ.

ಎರಡು ವಾರ ಬಿಟ್ಟು ಮತ್ತೆ ಹೋದಳು. ಈ ಸಲ ಕೋಳಿ ತರಲಿಲ್ಲ. ಚೆರ್ ಪಾವ್ ಹಿತ್ತಲಲ್ಲಿ ಅಲಸಂದೆ ಬಳ್ಳಿಯನ್ನು ಕೋಲಿಗೆ ಕಟ್ಟುತ್ತಿದ್ದ. ಮಗಳನ್ನು ಕಂಡು ಬೆನ್ನು ತಿರುಗಿಸಿದ. ಬ್ಲಿಯಾ ಬಕೆಟ್ಟು ಬೋರಲು ಹಾಕಿ ಕೂತಳು.

"ಕೋಪ ಮಾಡ್ಕೋಬೇಡ ಅಪ್ಪ. ನಿಂದು ಕೇಳೋಕೆ ಬಂದಿಲ್ಲ. ನಂದೇ ಬರೆದಿದ್ದೀನಿ, ಓದ್ತೀನಿ. ಬೇಡ ಅನ್ಸಿದ್ರೆ ಕಿವಿ ಮುಚ್ಕೋ."

ಮುದುಕ ದಾರ ಕಚ್ಚಿ ತುಂಡುಮಾಡಿದ. ಕಿವಿ ಮುಚ್ಚಿಕೊಳ್ಳಲಿಲ್ಲ.

"ಫ್ರೆಸ್ನೋ, ಶೀಲ್ಡ್ಸ್ ರಸ್ತೆ ಬಾಡಿಗೆ ಕೋಣೆ. ಅದಕ್ಕೆ ಮುಂಚೆ ಮರ್ಸೆಡ್, ಲೋರ್ ಮನೆ. ಅದಕ್ಕೆ ಮುಂಚೆ ಫ್ರೆಸ್ನೋ, ಬ್ಲ್ಯಾಕ್‌ಸ್ಟೋನ್ ರಸ್ತೆ, ಅಪ್ಪನ ಮನೆ. ಅದಕ್ಕೆ ಮುಂಚೆ ಶಿಬಿರ..."

"ತಪ್ಪು."

ಬ್ಲಿಯಾ ತಲೆಯೆತ್ತಿದಳು. ಮುದುಕ ಇನ್ನೂ ಬಳ್ಳಿಯ ಕಡೆಗೇ ಮುಖ ಮಾಡಿದ್ದ.

"ಪೋರ್ಟ್‌ಲ್ಯಾಂಡ್ ಎಲ್ಲಿ ಹೋಯ್ತು?"

"ಅಪ್ಪ, ಆಗ ನಂಗೆ ಎರಡು ವರ್ಷ. ನೆನಪೇ ಇಲ್ಲ."

"ಎರಡು ವರ್ಷದೋಳು ನೀರು ಕುಡಿಯಲ್ವಾ? ಚರ್ಚಿನೋರ ನೆಲಮಾಳಿಗೇಲಿ ಹದಿನಾಲ್ಕು ತಿಂಗಳಿದ್ವಿ. ಚಳಿ ಅಂತ ಒಂದೇ ಸಮ ಅಳ್ತಿದ್ದೆ, ರಾತ್ರಿಯೆಲ್ಲ ನಿನ್ನ ಹೊತ್ಕೊಂಡು ತಿರುಗಿದ್ದು ನಾನು. ಒಂದೂರು ಬಿಟ್ರೆ ಆ ಊರಿನ ನೆಲ ಬಿಡಲ್ಲ, ಹಿಡ್ಕೊಂಡು ಅಲ್ಲೇ ಕೂರಿಸುತ್ತೆ. ಬರಿ. ಆಮೇಲೆ ಮರ್ಸೆಡ್ಡಲ್ಲಿ ಮನೆ ಒಂದಲ್ಲ, ಎರಡು. ಕಾಲುವೆ ಪಕ್ಕದ ಮನೆ ಬಿಟ್ಟಿದೀಯ."

"ಕಾಲುವೆ ಪಕ್ಕದ ಮನೆ ನಿಂಗೆ ಹೇಗೆ ಗೊತ್ತು? ನೀನು ಅಲ್ಲಿಗೆ ಬಂದೇ ಇಲ್ವಲ್ಲ."

"ಬಂದಿದ್ದೆ." ಮುದುಕ ಗಂಟು ಬಿಗಿದ. "ನೀನು ಬಟ್ಟೆ ಒಣಗಿ ಹಾಕ್ತಿದ್ದೆ. ಕೊಟ್ಟ ಮಗಳ ಮನೆಗೆ ಕರೀದೆ ಹೋಗ್ಬಾರ್ದು ಅಂತ ರಸ್ತೆಯಿಂದಾನೇ ನೋಡ್ಕೊಂಡು ವಾಪಸ್ ಬಂದೆ. ಎರಡ್ಮೂರು ಸಲ ಬಂದಿದ್ದೆ ಅನ್ಸುತ್ತೆ."

ಬ್ಲಿಯಾಳಿಗೆ ಅಕ್ಷರ ಮಂಜಾದವು. ಇಪ್ಪತ್ತು ವರ್ಷ ಆ ಎರಡೂ ಮನೆಗಳ ಕಿಟಕಿಯಲ್ಲಿ ಅವಳು ಕಾದದ್ದು ಒಂದೇ, ಅಪ್ಪನ ಹಳೆಯ ಟ್ರಕ್ಕು ಬಂದು ನಿಲ್ಲುತ್ತದೇನೋ ಎಂದು. ಅದು ಬಂದಿತ್ತಂತೆ, ಇವಳು ಬೆನ್ನು ಹಾಕಿ ಬಟ್ಟೆ ಹರವುತ್ತಿದ್ದಳಂತೆ. ಮೂಗು ಒರೆಸಿಕೊಂಡು ಮುಂದೆ ಓದಿದಳು.

"ಪೋರ್ಟ್‌ಲ್ಯಾಂಡ್. ಅದಕ್ಕೆ ಮುಂಚೆ ಶಿಬಿರ. ಅದಕ್ಕೆ ಮುಂಚೆ ಮೆಕಾಂಗ್ ನದಿ. ಅದಕ್ಕೆ ಮುಂಚೆ..."

ಮುಂದೆ ಹಾಳೆ ಖಾಲಿ. ಚೆರ್ ಪಾವ್ ದಾರದ ಉಂಡೆ ಕೆಳಗಿಟ್ಟು ಬಂದು ಸಿಮೆಂಟು ಮೆಟ್ಟಿಲ ಮೇಲೆ ಮೊಣಕಾಲು ಹಿಡಿದುಕೊಂಡು ಕೂತ.

"ಆ ಜಾಗಕ್ಕೆ ಹೆಸರಿಲ್ಲ" ಎಂದ. "ಹಳ್ಳಿ ಬಿಟ್ಟು ಎರಡು ತಿಂಗಳಾಗಿತ್ತು. ಒಂಬತ್ತು ಮನೆಯೋರು, ಹಗಲು ಅವಿತ್ಕೊಂಡು ಕತ್ತಲಾದ್ಮೇಲೆ ನಡೆಯೋದು. ನಿನ್ನವ್ವಂಗೆ ಬೆಳಗಿನ ಜಾವ ನೋವು ಶುರುವಾಯ್ತು. ನೀನು ಹುಟ್ಟಿದೆ. ಹೆಣ್ಣು ಕೂಸಿನ ಮಾಸನ್ನ ಅಪ್ಪ ಅವ್ವ ಮಲಗೋ ಮಂಚದ ಕೆಳಗೆ ಹೂಳ್ಬೇಕು. ಮಂಚ ಎಲ್ಲಿಂದ ತರ್ಲಿ? ಅವಳು ಮಲಗಿದ್ದ ಜಾಗಾನೇ ಕತ್ತೀಲಿ ಬಗೆದು ಹೂತೆ. ಮೇಲೆ ಮಣ್ಣು ಸರಿಯಾಗಿ ತುಳಿಯೋಕೂ ಪುರುಸೊತ್ತಾಗಲಿಲ್ಲ, ಸಿಪಾಯಿಗಳು ಬಂದ್ರು ಅಂತ ಕೂಗಿದ್ರು, ಓಡಿದ್ವಿ. ಯಾವ ಊರಿನ ಎಲ್ಲೆ, ಯಾವ ಬೆಟ್ಟ, ಏನೂ ಗೊತ್ತಿಲ್ಲ."

"ಇದನ್ನ ಇಷ್ಟು ವರ್ಷ ಯಾಕಪ್ಪ ಹೇಳಲಿಲ್ಲ?"

"ಏನಂತ ಹೇಳ್ಲಿ? ಊರಿನೋರ ಮಕ್ಕಳನ್ನೆಲ್ಲ ಅವರವರ ಮನೆ ಮುಟ್ಟಿಸ್ದೆ, ನನ್ನ ಮಗಳನ್ನ ಎಲ್ಲಿಗೆ ಮುಟ್ಟಿಸ್ಬೇಕು ಅಂತ ನಂಗೇ ಗೊತ್ತಿಲ್ಲ ಅಂತ ಹೇಳ್ಲಾ? ಗಂಡನ್ನ ಬಿಟ್ಟು ನೀನು ಆ ಬಾಗಿಲಲ್ಲಿ ನಿಂತಾಗ ಇರು ಅನ್ನಬೇಕಿತ್ತು. ನಾಲಗೆ ಬರಲಿಲ್ಲ. ಕುಲದೋರ ಬಾಯಿಗೆ ಹೆದರಿದ್ದೂ ನಿಜ, ಇಲ್ಲ ಅನ್ನಲ್ಲ. ಆದ್ರೆ ಒಳಗೆ ಕರ್ಕೊಂಡ್ಮೇಲೆ ನಿನ್ನ ದಾರಿ ನನ್ನ ಮನೇದಾಗುತ್ತೆ. ಕೊನೆ ಇಲ್ಲದ ದಾರಿ. ಯಾವ ಮುಖ ಇಟ್ಕೊಂಡು ಕರೀಲಿ?"

ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಬ್ಲಿಯಾ ಹೇಗೋ ತಡೆದುಕೊಳ್ಳುತ್ತಿದ್ದಳು.

"ನಿನ್ನವ್ವ ಹೋದಾಗ ಪಟ್ಟಿ ಹೇಳಿದೋನು ನಾನು. ಫೆಂಗ್ ಬರ್ಕೊಂಡ. ನದಿ ಆದ್ಮೇಲೆ ನೇರ ಹಳ್ಳಿ ಹೆಸರು ಹೇಳ್ಬಿಟ್ಟೆ. ಆ ಜಾಗ ಬಿಟ್ಟೆ. ಹೆಸರಿಲ್ಲದ್ದನ್ನ ಹಾಡೋನು ಏನಂತ ಹಾಡ್ತಾನೆ, ಒಂದು ಬೆಳಗಿನ ಜಾವ ಇದ್ದ ಜಾಗ, ಪರವಾಗಿಲ್ಲ ಅಂದ್ಕೊಂಡೆ. ಅವಳ ರಕ್ತ ಬಿದ್ದ ಜಾಗ ಅದು ಬ್ಲಿಯಾ. ಅದು ಅವಳನ್ನ ಬಿಟ್ಟಿರಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದೋನು ನನ್ನ ಹೆಂಡತಿ ದಾರೀಲೇ ತಪ್ಪು ಮಾಡ್ದೆ. ಹನ್ನೊಂದು ವರ್ಷದಿಂದ ಅವಳು ಅಲ್ಲೇ ಕೂತಿದಾಳೆ. ಅವತ್ತು ನೀನು ಪೆನ್ನು ಹಿಡ್ಕೊಂಡು ನನ್ನ ಪಟ್ಟಿ ಕೇಳಿದಾಗ ಮತ್ತೇನು ಹೇಳ್ತಿದ್ದೆ ನಾನು?"

ಮುದುಕ ಅಳುತ್ತಿದ್ದ. ಬೇರೆಯವರ ಸಾವಿಗೆ ಹಾಡಿ ಹಾಡಿ ಕಣ್ಣೀರು ಬತ್ತಿದವನು ಎಂದು ಊರೆಲ್ಲ ಅಂದುಕೊಂಡಿದ್ದವನು ಮೆಟ್ಟಿಲ ಮೇಲೆ ಕೂತು, ಮಣ್ಣುಗೈಯಲ್ಲೇ ಕಣ್ಣೊರೆಸಿಕೊಂಡು, ಮುಖವೆಲ್ಲ ಕೊಳೆ ಮಾಡಿಕೊಂಡ. ಬ್ಲಿಯಾಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಅವರಲ್ಲಿ ಆ ರೂಢಿಯಿಲ್ಲ. ಬಕೆಟ್ಟನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ಅಪ್ಪ, ಹೆಸರಿಲ್ಲದಿದ್ರೆ ಕಂಡಿದ್ದನ್ನ ಬರೀರಿ ಅಂದಿದಾರೆ ನಮ್ಮ ಮೇಡಂ."

"ನಿಮ್ಮ ಮೇಡಂಗೆ ಎಷ್ಟು ಸಾವು ಗೊತ್ತು?"

"ಗೊತ್ತಿಲ್ಲ. ಅವರಜ್ಜಿ ಹುಟ್ಟಿದ ಜಾಗಕ್ಕೂ ಹೆಸರಿಲ್ಲ. ನೀರಿನ ತೊಟ್ಟಿ ಪಕ್ಕ, ಎರಡು ಮರದ ನಡುವೆ ಅಂತ ಬರೆದಿದಾರೆ. ಹೋದೋಳಿಗೆ ಹೆಸರು ಯಾಕಪ್ಪ? ನೋಡಿದ್ರೆ ಗುರುತು ಸಿಕ್ಕಿದ್ರೆ ಸಾಲ್ದಾ?"

ಚೆರ್ ಪಾವ್ ಮಗಳ ಮುಖವನ್ನೇ ನೋಡಿದ. ಇಷ್ಟು ವರ್ಷದಲ್ಲಿ ತನ್ನ ವಿದ್ಯೆಯ ವಿಷಯದಲ್ಲಿ ಅವನಿಗೆ ಯಾರೂ ಎದುರು ಹೇಳಿರಲಿಲ್ಲ, ಅದರಲ್ಲೂ ಹೆಂಗಸೊಬ್ಬಳು. ಬಯ್ಯಲು ಬಾಯಿ ತೆರೆದ, ಬಯ್ಯಲಿಲ್ಲ.

"ಕಾಡುಬಾಳೆ ಇತ್ತು" ಎಂದ ಮೆಲ್ಲಗೆ. "ಮೂರು ಬುಡ. ಕೆಳಗೆ ತೊರೆ, ನೀರು ಮೊಣಕಾಲಿಗೂ ಬರ್ತಿರಲಿಲ್ಲ. ತೊರೆ ನಡುವೆ ಒಂದು ಕಪ್ಪು ಬಂಡೆ, ಮೇಲೆ ಬಿಳೀ ಗೆರೆ ಅಡ್ಡಡ್ಡ. ಸೂರ್ಯ ಹುಟ್ಟಿದ್ದು ಬಂಡೆ ಕಡೆಯಿಂದ. ಅಲ್ಲಿಂದ ನದಿಗೆ ಆರು ರಾತ್ರಿಯ ದಾರಿ." ಒಂದೊಂದು ಮಾತಿಗೂ ತಡೆದು ತಡೆದು ಹೇಳಿದ. ಬ್ಲಿಯಾ ಒಂದಕ್ಷರ ಬಿಡದೆ ಬರೆದಳು. ತಾನು ಹುಟ್ಟಿದ ಜಾಗ ತನ್ನ ಕೈಯಿಂದಲೇ ಹಾಳೆಯ ಮೇಲೆ ಮೂಡುತ್ತಿತ್ತು. ಅಲ್ಲಿಗೆ ಹೋಗಬೇಕು, ಆ ನೀರಿಗೆ ಕಾಲಿಡಬೇಕು ಎಂದು ಅವಳ ಜೀವ ಹಾತೊರೆಯಿತು. ಆರು ರಾತ್ರಿಯ ದಾರಿಯನ್ನು ಯಾವ ಬಸ್ಸಿಗೆ ಟಿಕೇಟು ತೆಗೆಸಿ ಹೋಗುವುದು?

"ಮೊದಲನೇ ಸಾಲು ಓದು ಇನ್ನೊಂದ್ಸಲ" ಎಂದ ಮುದುಕ.

"ಫ್ರೆಸ್ನೋ, ಶೀಲ್ಡ್ಸ್ ರಸ್ತೆ ಬಾಡಿಗೆ ಕೋಣೆ."

"ಅಲ್ಲಿಗೆ ನಿಲ್ಸು. ಬಾಡಿ‍ಗೆ ಬಾಗಿಲಿಂದ ಯಾರೂ ಎಬ್ಬಿಸಲ್ಲ. ಅದರ ಮೇಲೆ ಇನ್ನೊಂದು ಸಾಲು ಸೇರ್ಸು. ಫ್ರೆಸ್ನೋ, ಚೆರ್ ಪಾವ್ ಮುವಾ ಮನೆ, ಮುಂಬಾಗಿಲು. ಫೆಂಗ್! ಏ ಫೆಂಗ್! ಬಾರೋ ಇಲ್ಲಿ!"

ಗ್ಯಾರೇಜಿನಿಂದ ಕೈಗೆ ಎಣ್ಣೆ ಮೆತ್ತಿಕೊಂಡು ಫೆಂಗ್ ಬಂದ. ಅಪ್ಪನ ಮುಖದ ಕೊಳೆ, ತಂಗಿಯ ಕೈಯಲ್ಲಿ ನೋಟ್‌ಬುಕ್ಕು ನೋಡಿ ಅವನ ಹುಬ್ಬು ಗಂಟಿಕ್ಕಿತು.

"ಮತ್ತೆ ಶುರು ಮಾಡಿದ್ಯಾ ನೀನು?"

"ಸುಮ್ನಿರೋ. ಕೇಳಿಸ್ಕೋ. ನಿನ್ನ ತಂಗಿ ಈ ಮನೆಯೋಳು. ಇವಳ ದಾರಿ ಈ ಬಾಗಿಲಿಂದ. ನಾನಿದ್ರೂ, ಇಲ್ದಿದ್ರೂ."

ಫೆಂಗ್ ಎಣ್ಣೆಯ ಕೈ ಒರೆಸಿಕೊಳ್ಳುತ್ತ ನಿಂತ. ಕೆಟ್ಟವನಲ್ಲ ಅವನು, ಹೆದರುಪುಕ್ಕಲ ಅಷ್ಟೆ. "ಕುಲದೋರು ಏನಂತಾರೋ ಅಪ್ಪ. ಲೋರ್ ಮನೆಯೋರನ್ನೂ ಒಂದ್ಮಾತು ಕೇಳ್ಬೇಕಾಗುತ್ತೆ."

"ಕುಲದೋರ ಮನೆ ಹೆಣಕ್ಕೆಲ್ಲ ದಾರಿ ಹೇಳಿದೋನು ನಾನು. ಏನಾದ್ರೂ ಅಂದ್ರೆ ನನ್ನ ಹತ್ರ ಕಳ್ಸು. ನಿಂದೇನು, ಅದು ಹೇಳು."

ಫೆಂಗ್ ತಂಗಿಯ ಕಡೆ ನೋಡಿದ. ಬ್ಲಿಯಾ ತಲೆ ತಗ್ಗಿಸಿರಲಿಲ್ಲ, ನೇರ ಅವನ ಕಣ್ಣನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ದಿನದ ವಾದದಲ್ಲಿ ಕೂತು ಅವಳ ಕೈಯ ಅನ್ನ ತಿಂದವರಲ್ಲಿ ಅವನೂ ಒಬ್ಬ.

"ಆಯ್ತಪ್ಪ" ಎಂದ. "ಈ ಬಾಗಿಲಿಂದಾನೇ. ನಾನು ನಿಂತ್ಕೋತೀನಿ." ಅಷ್ಟು ಹೇಳಿ ಗ್ಯಾರೇಜಿಗೆ ಹಿಂತಿರುಗಿದ.

ಬ್ಲಿಯಾ ನೋಟ್‌ಬುಕ್ಕು ಮುಚ್ಚಲು ಹೋದಳು. ಬೇಡಿದ್ದೆಲ್ಲ ಸಿಕ್ಕಿತ್ತು. ಕಾಲೇಜಿನ ಕೆಲಸವೂ ಮುಗಿದಿತ್ತು. ಚೆರ್ ಪಾವ್ ಅವಳ ಕೈ ಹಿಡಿದು ತಡೆದ.

"ಮುಚ್ಬೇಡ. ಹೊಸ ಹಾಳೆ ತೆಗಿ. ಇದು ನಂದು, ನಾನು ಸತ್ತಾಗ ಹೇಳೋಕೆ."

ಸತ್ತಾಗ ಎಂದು ಅವನೇ ಅಂದ, ನೇರವಾಗಿ, ಯಾವ ಮರೆಯೂ ಇಲ್ಲದೆ. ಬ್ಲಿಯಾ ಬೇಡ ಅಪ್ಪ ಎಂದಳು. ಅವನು ಕೇಳಲಿಲ್ಲ, ಹೇಳತೊಡಗಿದ. ಈ ಮನೆ. ಬ್ಲ್ಯಾಕ್‌ಸ್ಟೋನ್ ರಸ್ತೆಯ ಹಳೆಯ ಮನೆ. ಪೋರ್ಟ್‌ಲ್ಯಾಂಡಿನ ನೆಲಮಾಳಿಗೆ. ಶಿಬಿರ, ಏಳನೇ ಸಾಲು. ನದಿ. ಹಾಡುವವನಿಗೆ ಉಸಿರು ತೆಗೆದುಕೊಳ್ಳಲು ಸಮಯ ಕೊಡುವಂತೆ ಒಂದೊಂದು ಹೆಸರಿನ ನಡುವೆ ತಡೆದು ಹೇಳಿದ. ನದಿಯ ಮುಂದೆ ಕಾಡುಬಾಳೆ, ತೊರೆ, ಕಪ್ಪು ಬಂಡೆ ಬಂದವು.

"ಇಲ್ಲಿ ನನ್ನ ನಿಲ್ಲಿಸ್ಬೇಕು ಅಂತ ಬರಿ. ಹಾಡೋನು ಚಿಕ್ಕವಯಸ್ಸಿನೋನಾದ್ರೆ ಬೇಗ ಮುಗಿಸೋಕೆ ನೋಡ್ತಾನೆ. ಮುಂದಕ್ಕೆ ಹೊರಡು ಅನ್ನಬಾರ್ದು ಅಂತ ದಪ್ಪಕ್ಷರದಲ್ಲಿ ಬರಿ. ಅಲ್ಲಿ ಇವನಿಗೆ ಕೆಲಸ ಇದೆ, ಹೆಂಡತೀನ ಹುಡುಕ್ಬೇಕು ಅನ್ನು."

ಬ್ಲಿಯಾ ದಪ್ಪಕ್ಷರದಲ್ಲಿ ಬರೆದಳು. "ಆಮೇಲೆ ಅಪ್ಪ? ಹಳ್ಳಿ ಹೆಸರು?"

"ಹಳ್ಳಿ ಹೆಸರು ಈಗ ಬೇಡ. ನೀನೂ ಆ ಬಂಡೆ ಹತ್ರಾನೇ ಬರ್ಬೇಕಲ್ಲ, ನಿನ್ನ ಅಂಗಿ ಅಲ್ಲೇ ಇದೆ. ಅವಸರ ಏನಿಲ್ಲ ಮಗಳೇ, ಓದೋದು ಬರೆಯೋದು ಎಲ್ಲ ಮುಗಿಸ್ಕೊಂಡು ನಿಧಾನಕ್ಕೆ ಬಾ. ಎಷ್ಟು ವರ್ಷ ಆದ್ರೂ ಸರಿ, ನಾನೂ ನಿನ್ನವ್ವನೂ ಅಲ್ಲೇ ಕೂತಿರ್ತೀವಿ."